ಎರಡೂವರೆ ಸೂತು

ಮಗ್ಗ ಮಾರಿದ ಖೋಲ್ಯಾಗ
ನಾಕು ಕಾಲಿನ ಗುರುತು ಇನ್ನೂ ಅದಾವ.
ಎಣ್ಣಿ ಕುಡದ ಫರಸಿ,
ಎಷ್ಟು ತಿಕ್ಕಿದ್ರೂ ಕರೀದು ಕರೀದ.
ಅದರ ಮ್ಯಾಲ ಈಗ ನನ್ನ ಟೇಬಲ್ಲು, ಒಂದು ವಾಯಿಸು,
ಗ್ವಾಡಿಗೆ ಒಂದು ಹಲಗಿ.
ಹಲಗಿ ಮ್ಯಾಲ ಹನ್ನೆರಡು ಡಬ್ಬಿ ಹಿಡಿತಾವ.
ಹದಿಮೂರನೇದು ಇಟ್ರ
ಕದಾ ತಗದಾಗೊಮ್ಮೆ ಬಡಿತೈತಿ.

ಹಿಂಗಾಗಿ ನನ್ನ ಪ್ರಶ್ನೆ ಇಷ್ಟ:
ಯಾವ ಹನ್ನೆರಡು?

ಪಾಯಪ್ಪನ ಅಂಗಡ್ಯಾಗ ಕೇಳಿದ್ರ
"ಎಲ್ಲಾದರಾಗೂ ಒಂದೊಂದು ಪಾಕೀಟ ಒಯ್ಯವ್ವ" ಅಂದ.
ಮಾರಾವನ ಹತ್ರ ಅಳತಿ ಕೇಳಬಾರದು.

ದಸ್ತಗೀರ ಉಸ್ತಾದ ಇದ್ದಿದ್ರ
ಬೀಡಿ ಆರಿಸಿ ಕಿವಿಗೆ ಸಿಗಿಸಿ ಅಂತಿದ್ದ:
"ಬೋಲ್ಟಿಗೆ ಏನ ಕೇಳ್ತಿ? ಪಾನಾಕ್ಕ ಕೇಳು.
ಯಾವುದರ ಬಾಯಿ ಸವದೈತಿ ನೋಡು."
ಕಂಡಿಕಿ ಸುತ್ತೋ ಹುಡುಗಿ ಕೈಯಾಗ
ಮೊದಲ ಪಾನಾ ಇಟ್ಟಾವ ಅವನ.
ಬನಹಟ್ಟಿ ತುಂಬ ನಕ್ಕಿದ್ರು.

ನೋಡಿದೆ.
ಹತ್ತು-ಹನ್ನೊಂದರ ಪಾನಾ.
ಹತ್ತರ ಕಡಿ ಬಾಯಿ ಅಗಲಾಗಿ
ಹಲ್ಲಿಲ್ಲದ ಮುದುಕಿ ಹಂಗ ನಗತಿತ್ತು.
ಹನ್ನೊಂದರ ಕಡಿ
ಕೊಂಡ ದಿನದಿಂದ ತುಟಿ ಪಿಟಕ್ ಅಂದಿಲ್ಲ.

ಹತ್ತರ ಪಾನಾ ಅಂದ್ರ ಆರು ಎಮ್ಮೆಮ್ಮಿನ ಬೋಲ್ಟು.
ನೀರಿನ ಮೋಟರಿನ ಮುಚ್ಚಳ, ಗಾಡಿ ನಂಬರ್ ಪ್ಲೇಟು,
ಹಸನಬಿಯ ಕಿರಿಕಿರಿ ಮಂಚ.
ಅದಕ್ಕ ಮೂರು ಡಬ್ಬಿ: ಗಿಡ್ಡು, ನಡುವು, ಬಟ್ಟುದ್ದ.
ಎಂಟಕ್ಕ ಎರಡು. ಹತ್ತಕ್ಕ ಒಂದು, ಅದೂ ಅರ್ಧ ತುಂಬಿದ್ರ ಸಾಕು.
ನಟ್ಟಿಗೆ ಮೂರು.
ವಾಸರಿಗೆ ಎರಡು, ಚಪ್ಪಟಿ ಒಂದು, ಸ್ಪ್ರಿಂಗ್ ಒಂದು,
ಯಾಕಂದ್ರ ಮಂದಿ ಬೋಲ್ಟು ಕೇಳ್ತಾರ, ನಟ್ಟೂ ಕೇಳ್ತಾರ,
ವಾಸರ್ ಮರತು ಓಣಿ ತುದೀತನಾ ಹೋಗಿ
ಮತ್ತ ಬರ್ತಾರ.

ಉಳದದ್ದು ಒಂದು.

ಸೈಕಲ್ಲಿನ ಹಿಂದಿನ ಗಾಲಿ ನಟ್ಟು ಇಡ್ಲೋ,
ಇಲ್ಲಾ ಎರಡೂವರೆ ಸೂತಿನ ಬೋಲ್ಟೋ?

ಸೂತಿನ ಲೆಕ್ಕ ಹಳೀ ಮಗ್ಗದ್ದು.
ಇಂಚಿಗೆ ಎಂಟು ಸೂತು, ಬೆರಳ ಮ್ಯಾಲ ಎಣಿಸಿದ್ದು.
ಎರಡೂವರೆ ಸೂತಿಗೂ ಎಂಟು ಎಮ್ಮೆಮ್ಮಿಗೂ
ಕೂದಲೆಳಿ ಫರಕು.
ಇದರ ಬೋಲ್ಟಿಗೆ ಅದರ ನಟ್ಟು ಹಚ್ಚಿ ನೋಡ್ರಿ,
ಎರಡು ಸುತ್ತು ಬೆಣ್ಯಾಗ ಬೆರಳು ಹೋಧಂಗ ಹೊಕ್ಕೈತಿ,
ಮೂರನೇದಕ್ಕ ಹಲ್ಲು ಕಚ್ಚಿ ನಿಂತಿತಂದ್ರ
ಮುಂದಿಲ್ಲ, ಹಿಂದಿಲ್ಲ.
ಅತ್ತೀ ಮನಿಗೆ ನಡ್ಯಾಕ ಬಂದ
ಮೂರನೇ ವಾರ ನೆನಪಾಗಿ
ಒಬ್ಬಾಕಿನ ನಕ್ಕೆ.

ಹಳೀ ಮಗ್ಗ ಈಗ ಕಿಲೋದ ಲೆಕ್ಕದಾಗ ಹೊಂಟಾವ.
ಪೆನ್ಸಿಲ್ ತಗೊಂಡು ಸೂತು ಹೊಡದು ಹಾಕಿದೆ.
ಸೈಕಲ್ ನಟ್ಟು ಅಂತ ಬರದೆ.
ಎರಡು ಸಾವಿರದ ನೂರಾ ನಲವತ್ತು ರೂಪಾಯಿ,
ಹನ್ನೆರಡೂ ಡಬ್ಬಿ ತುಂಬಿದ್ವು.
ಆ ರಾತ್ರಿ ಲೈಟ್ ಆರಿಸದ
ಸ್ವಲ್ಪ ಹೊತ್ತು ನೋಡ್ಕೊಂತ ಕುಂತಿದ್ದೆ.

ಮರುದಿನ ಮುಂಜಾನಿ ಮೊದಲ ಗಿರಾಕಿ
ಲಕ್ಕವ್ವನ ಮಗಳು, ಎರಡು ಜಡಿ, ಒಂದಕ್ಕ ರಿಬ್ಬನ್ ಇಲ್ಲ.
ಮುಷ್ಟಿ ಬಿಚ್ಚಿದ್ಲು. ಮುರದ ಬೋಲ್ಟು.
"ಲಾಳಿ ಒಗಿಯೋ ಕೋಲಿಂದಂತ, ಮಗ್ಗ ನಿಂತೈತಿ.
ಅವ್ವ ಲಗೂ ತಾ ಅಂದಾಳ."

ಅಳಿಯೋ ಪಟ್ಟಿ ಬೇಕಾಗಲಿಲ್ಲ.
ಹೆಬ್ಬಟ್ಟಿನ ಉಗುರು ಒತ್ತಿದ್ರ ಗೊತ್ತಾತು.

ಹನ್ನೆರಡು ಡಬ್ಬಿ ಹೊಸಾ ಹೊಳಪಿನಾಗ
ಏನೂ ತಿಳೀದಾವ್ರ ಹಂಗ ನಿಂತಿದ್ವು.
ಬಗ್ಗಿ ಟೇಬಲ್ಲಿನ ಬುಡಕ್ಕ ಹೋದೆ.
ನಮ್ಮ ಮಗ್ಗದ ಕಟ್ಟಿಗಿ ಇದು,
ಬಿಗದದ್ದೂ ಅದರದ ಬೋಲ್ಟು.
ಎಡಗಡೆ ಹಿಂದಿನ ಕಾಲಿಂದು ಸಡ್ಲ ಮಾಡಿ ಕೈಯಾಗ ಇಟ್ಟೆ.
"ಎಷ್ಟ?" ಅಂದ್ಲು.
"ಓಡು ಮೊದಲ."

ಮೂರು ಮನಿ ಆಚಿಗೆ
ಖಟ್ ಅಂತು, ನಿಂತಿತು, ಖಟ್ ಖಟ್ ಅಂತು,
ಆಮ್ಯಾಲ ಒಂದ ಸವನ.

ಪಟ್ಟಿ ಹೊರಗ ತಗದೆ.
ಟೇಬಲ್ಲು ಅಲಗಾಡ್ತಿತ್ತು,
ಅಕ್ಷರ ಸೊಟ್ಟ ಬಂದ್ವು:
ಎರಡೂವರೆ ಸೂತು, ಐವತ್ತು.
ಕದಾ ಬಡದ್ರ ಬಡೀಲಿ.