ಏಳನೆಯ ಫ್ಲಾಪಿ

ಪುರಂದರಾ, ಸುದ್ದಿ ಕೇಳಿದೆಯಾ,
'ಉಪ್ಪು ದ್ವೀಪ' ಮತ್ತೆ ಬಂದಿದೆ.
ದೀಪಾವಳಿಗೆ ಅಂದರು, ಆಮೇಲೆ ಹೋಳಿಗೆ ಅಂದರು,
ಮೊನ್ನೆ ರಾತ್ರಿ ಹತ್ತೂವರೆಗೆ ಬಂದೇಬಿಟ್ಟಿತು.
ಯಾವುದೋ ಚಳಿದೇಶದ ಅಕ್ಕತಂಗಿ ಇಬ್ಬರು
ಹಳೆಯ ಚಿತ್ರಗಳನ್ನೆಲ್ಲ ಕೈಯಾರೆ ತಿದ್ದಿ
ಕಡಲಿಗೆ ಮೂರು ಬಗೆಯ ನೀಲಿ ಜಾಸ್ತಿ ಹಾಕಿದ್ದಾರೆ.
ಬೇಡವೆಂದರೆ ಒಂದು ಗುಂಡಿ ಒತ್ತಬೇಕು,
ನಮ್ಮ ಕಾಲದ ಚೌಕುಳಿ ಚೌಕುಳಿ ನೀರು ವಾಪಸು.

ಹದಿನಾಲ್ಕು ಭಾಷೆಗಳಲ್ಲಿದೆ. ನಮ್ಮದಿಲ್ಲ.
ಇರಲಿ, ಆ ಕೆಲಸ ನಾವಾಗಲೇ ಮಾಡಿದ್ದೆವಲ್ಲ,
ವಡಾಲದ ಮುನಿಸಿಪಾಲಿಟಿ ಕನ್ನಡ ಶಾಲೆಯ
ಭೂಗೋಳದ ನೋಟುಬುಕ್ಕಿನ ಹಿಂಬದಿಯಿಂದ:
ನೋಡು. ತಗೋ. ಕೊಡು. ತಳ್ಳು. ಎಳೆ. ತೆರೆ. ಮಾತಾಡು.
ನನ್ನ ಇಂಗ್ಲಿಷು ಶುರುವಾದದ್ದು ಈ ಏಳರಿಂದ,
ಕುಳಗೇರಿ ಮಾಸ್ತರ ಬೆತ್ತದಿಂದಲ್ಲ.
ಹಗ್ಗದ ಎದುರು ನೀನು ಬರೆದದ್ದು: ಆಡಿಗೆ ಕಟ್ಟಿದರೆ ಆಗುವುದಿಲ್ಲ.
ಮೇಣದಬತ್ತಿ: ಸಾರಿಗೆ ಹಾಕಿದರೆ ಆಗುವುದಿಲ್ಲ.
ತುಕ್ಕು ಬೀಗದ ಕೈ: ಯಾವುದಕ್ಕೂ ಆಗುವುದಿಲ್ಲ,
ಬಿಸಾಡಲೂ ಆಗುವುದಿಲ್ಲ.

ಅಂಟಾಪ್ ಹಿಲ್ಲಿನ ಕಂಪ್ಯೂಟರ್ ಕ್ಲಾಸು,
ಚಪ್ಪಲಿ ಹೊರಗೆ, ಯಂತ್ರ ಒಳಗೆ ಏಸಿಯಲ್ಲಿ,
ಗಂಟೆಗೆ ಇಪ್ಪತ್ತು ರೂಪಾಯಿ.
ನೀನು ಮೌಸು, ನಾನು ಗಡಿಯಾರ.
ಒತ್ತು ಮಾರಾಯಾ, ಇನ್ನು ಹನ್ನೊಂದೇ ನಿಮಿಷ!
ಬಂಡೆ ಒತ್ತಿದೆವು, ಬಾತುಕೋಳಿ ಒತ್ತಿದೆವು,
ಚಂದ್ರನನ್ನೂ ಒತ್ತಿದೆವು.
"ಅದು ಬಹಳ ದೂರ" ಅಂದ ನಾವಿಕ.

ಕೊನೆಗೆ ದೀಪಸ್ತಂಭದ ಬಾಗಿಲು.
ಒಂದಿಡೀ ಮಳೆಗಾಲ ಅದೇ ಬಾಗಿಲು.
ಏಳನೆಯ ಫ್ಲಾಪಿಯೇ ಕೆಟ್ಟಿದೆ ಅಂತ ನಿನ್ನ ತೀರ್ಮಾನ.
ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆವು,
ಟೋಪನ್‌ದಾಸನ ಅಂಗಡಿಗೆ.
ಅಂಗಡಿಯೇನು ಬಂತು, ಮೆಟ್ಟಿಲ ಕೆಳಗಿನ ಸಂದು.
ಮೋಸಗಾರ ಅಂದೆ ನೀನು,
ಕಳ್ಳಮಾಲು ಕೊಳ್ಳಲು ಹೋದವರು ನಾವೇ ಎಂಬುದು ಮರೆತು.
ಅವನು ಅಂಗಿಯ ತುದಿಯಿಂದ ಒರೆಸಿ, ಯಂತ್ರಕ್ಕೆ ತೂರಿಸಿ ತೋರಿಸಿದ:
ಚಾಲೂ ಹೈ, ಬೇಟಾ.
ನಾನೂ ಕೂಗಿದೆ. ಜನ ಸೇರಿದರು.
ಮೂವತ್ತೈದು ರೂಪಾಯಿ ವಾಪಸು ಕೊಟ್ಟ,
ಗಲ್ಲೆಯಿಂದಲ್ಲ, ಸ್ವಂತ ಕಿಸೆಯಿಂದ.
ಅದರಲ್ಲಿ ನಾವು ಪಾವ್‌ಭಾಜಿ ತಿಂದೆವು, ಬೆಣ್ಣೆ ಜಾಸ್ತಿ ಹಾಕಿಸಿ.

ಮೊನ್ನೆ ಡೊಂಬಿವಲಿಯಲ್ಲಿ, ಮನೆಮಂದಿ ಮಲಗಿದ ಮೇಲೆ,
ಮತ್ತೆ ಅದೇ ಬಾಗಿಲ ಮುಂದೆ ನಾನು.
ಬಡಿದೆ. ಹಗ್ಗ, ಬತ್ತಿ, ಬೀಗದ ಕೈ, ಎಲ್ಲ ಆಯಿತು.
ನಾಲ್ಕೂವರೆಗೆ ನೀರು ಬಂತು.
ಎದ್ದು ಹೋದೆ. ಪೀಪಾಯಿ, ಎರಡು ಬಕೆಟ್ಟು, ಕುಕ್ಕರು, ಚೊಂಬು,
ಪಕ್ಕದ ಮನೆಯ ಮುದುಕಿಯ ಕೊಡ.
ಬಂದು ನೋಡುತ್ತೇನೆ,
ನಾವಿಕ ಮೆಟ್ಟಿಲ ಮೇಲೆ ಕೂತಿದ್ದಾನೆ,
ಕಿಸೆಯಿಂದ ನಿಂಬೆಹಣ್ಣು ತೆಗೆದು ಮೂಸುತ್ತಿದ್ದಾನೆ.
ಅವನ ಕಿಸೆಯಲ್ಲಿ ನಿಂಬೆಹಣ್ಣಿದೆ ಅಂತ ನಮಗೆ ಗೊತ್ತೇ ಇರಲಿಲ್ಲ ನೋಡು,
ಒಂದು ಕ್ಷಣವೂ ಅವನನ್ನು ನಾವು ಸುಮ್ಮನೆ ಬಿಟ್ಟವರಲ್ಲ.

ಅವನ ಹಿಂದೆ ಬಾಗಿಲು ತೆರೆದಿತ್ತು.

ಬಡಿದು, ಏನೂ ಒತ್ತದೆ, ನಾಲ್ಕು ನಿಮಿಷ ಕಾಯಬೇಕಿತ್ತು, ಅಷ್ಟೇ.
ಅಂಟಾಪ್ ಹಿಲ್ಲಿನ ದರದಲ್ಲಿ
ಒಂದು ರೂಪಾಯಿ ಮೂವತ್ತಮೂರು ಪೈಸೆ.

ಆ ಸಂದಿನಲ್ಲಿ ಈಗ ಸಿಸಿಟಿವಿ ಕ್ಯಾಮೆರಾ ಮಾರುತ್ತಾರೆ.
ನಿನ್ನೆ ಹೋಗಿ ಕೇಳಿದೆ.
ಯಾವ ಟೋಪನ್‌ದಾಸ್, ಅಂದ ಹುಡುಗ,
ಹನ್ನೆರಡು ಪರದೆಗಳಲ್ಲಿ ನಾನು ಕೈಚಾಚಿ ನಿಂತಿದ್ದೆ,
ಕೈಯಲ್ಲಿ ಮೂವತ್ತೈದು ರೂಪಾಯಿ,
ಯಾವುದಕ್ಕೂ ಆಗದೆ.

ದೀಪಸ್ತಂಭದ ಒಳಗೆ ನಾನಿನ್ನೂ ಹೋಗಿಲ್ಲ.
ಹೊಸ್ತಿಲಲ್ಲೇ ಸೇವ್ ಮಾಡಿ ಇಟ್ಟಿದ್ದೇನೆ, ನಿನ್ನ ಹೆಸರಿನಲ್ಲಿ.
ಭಾನುವಾರ ನಾಲಾಸೋಪಾರದಿಂದ ಹೊರಡು, ದಾದರಿನಲ್ಲಿ ಗಾಡಿ ಬದಲಿಸು.
ನೋಟುಬುಕ್ಕು ನಿನ್ನ ಹತ್ತಿರವೇ ಇದೆಯಲ್ಲ?
ತಾ.
ಹದಿನೇಳೂವರೆ ರೂಪಾಯಿಯನ್ನೂ.