ಕರೆಯುವ ಹೆಸರು, ಬರೆಯುವ ಹೆಸರು

ಕರೆಯುವ ಹೆಸರು ಮೊದಲೇ ಬಂದಿತ್ತು:
ಸೋಲೆ.
ಬಸಿರಿನ ಮೂರನೇ ತಿಂಗಳಲ್ಲೇ,
ಹೆಣ್ಣೋ ಗಂಡೋ ತಿಳಿಯುವ ಮುನ್ನವೇ,
ಬಾಗಿಲು ತಟ್ಟದೆ ಒಳಬಂದು
ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಿತ್ತು.

ಉರುಗ್ವೆಯ ಸಾಲ್ತೊ ಊರಿನ ಕಿತ್ತಳೆ ಮಂಡಿಯಲ್ಲಿ
ಯಾನಿನಾಳ ಪಕ್ಕ ನಿಂತು
ಹಣ್ಣು ಆರಿಸುತ್ತಿದ್ದವಳ ಹೆಸರದು.
ವಾಂತಿಯ ಆ ದಿನಗಳಲ್ಲಿ
ತನ್ನ ಪೆಟ್ಟಿಗೆ ತುಂಬಿಸಿ, ಇವಳದ್ದೂ ತುಂಬಿಸಿ,
ಮೇಸ್ತ್ರಿ ಬಂದರೆ
"ಇಬ್ಬರದ್ದೂ ಆಯ್ತು, ಎಣಿಸಿಕೋ" ಅಂದವಳು.
ಸುಗ್ಗಿ ಮುಗಿದ ಮೇಲೆ ದೋಣಿ ಹತ್ತಿ
ನದಿಯಾಚೆಯ ದೇಶಕ್ಕೆ ಹೋದಳು.
ಪೂರ್ತಿ ಹೆಸರೇನು ಅಂತ
ಯಾರೂ ಕೇಳಿರಲಿಲ್ಲ.

ಈಗ ಕೂಸಿಗೆ ಒಂಬತ್ತು ದಿನ.
ಅಪ್ಪನದೊಂದು ಹಟ: "ಕಾಗದಕ್ಕೆ ಉದ್ದನೆಯದು ಬೇಕು.
ನನ್ನನ್ನೇ ನೋಡು, ಊರಿಗೆಲ್ಲ ಪೊಚೊ.
ಬೈಕಿನ ಸಾಲ ಕೇಳಲು ಹೋದಾಗ ಮಾತ್ರ
ಎದಿನ್ಸೊನ್ ಅನ್ನುವವನೊಬ್ಬ ಒಳಗಿಂದ ಎದ್ದು
ಅಂಗಿ ಸರಿಮಾಡಿಕೊಂಡು ಮಾತಾಡುತ್ತಾನೆ.
ಅವಳಿಗೂ ಅಂಥವಳೊಬ್ಬಳು ಬೇಡವೇ?"

ಹೀಗೆ ಶುರುವಾಯಿತು, ಕರೆಂಟು ಬಿಲ್ಲಿನ ಬೆನ್ನ ಮೇಲೆ.
ಗುಂಡಿ ಸಿಕ್ಕಿದೆ,
ಅದಕ್ಕೊಂದು ಕೋಟು ಹೊಲಿಸಬೇಕು.

ಮರಿಸೋಲ್? ಕಡಲೂ ಬಿಸಿಲೂ ಸೇರಿದ್ದು, ಚೆನ್ನ.
ಆದರೆ ಸಾಲ್ತೊಗೆ ಕಡಲೆಲ್ಲಿ?
ಅಲ್ಲದೆ ಅದರ ಬಾಲ ಹಿಡಿದೆಳೆದರೆ
ಸೋಲ್ ಬಂದೀತು, ಸೋಲೆ ಬರದು.
ಸೊಲಾಂಜ್? ಪೊಚೊಗೆ ಸಾಬೂನಿನ ವಾಸನೆ ಬಂತು.
ಸೊಲಾನಾ? ಪಕ್ಕದ ಮನೆ ನಾಯಿ ಓಡಿ ಬಂದೀತು.
ಕೊನ್ಸೊಲಸಿಯೋನ್? ಹಾಜರಿ ಕೂಗಿ ಮುಗಿಸುವಷ್ಟರಲ್ಲಿ
ಶಾಲೆಯೇ ಬಿಟ್ಟಿರುತ್ತದೆ.

ಉಳಿದದ್ದು ಒಂದೇ.
ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡರು.
ಸೋಲೆದಾದ್.
ಒಂಟಿತನ.
ಹಸುಗೂಸಿನ ಹಣೆಗೆ ಯಾರಾದರೂ
ಒಂಟಿತನ ಬರೆಯುತ್ತಾರೆಯೇ?
ಯಾನಿನಾ ಮೊಲೆ ಬದಲಿಸಿದಳು.
ಕೂಸು ಒಂದು ಗಳಿಗೆ ಯೋಚಿಸಿ, ಮತ್ತೆ ಚೀಪಿತು.

(ನನ್ನ ಕನ್ನಡದ ಕಿವಿಯೂ ನಡುವೆ ಬಾಯಿ ಹಾಕುತ್ತದೆ:
ಸೋಲೆ ಅಂದರೆ, ಒಲ್ಲೆ ಇದ್ದ ಹಾಗೆ,
ಅರಿಯೆ ಇದ್ದ ಹಾಗೆ,
ನಾನು ಸೋಲುವವಳಲ್ಲ.
ಆದರೆ ಅಲ್ಲಿ ನನ್ನನ್ನು ಯಾರು ಕೇಳಿದರು?)

ಆಗ ಅಜ್ಜಿ ದೆಲ್ಮಿರಾ,
ಅಷ್ಟು ಹೊತ್ತೂ ಮತೆ ಎಲೆಯ ಸೋರೆಬುರುಡೆಗೆ
ಬಿಸಿನೀರು ಹೊಯ್ಯುತ್ತ ಕೂತವಳು, ಅಂದಳು:
"ಅದರಲ್ಲಿ ಕೆಟ್ಟದ್ದೇನಿದೆ?
ಎರಡು ಕೋಣೆ, ಹನ್ನೊಂದು ಜನ, ಒಂದು ಬಚ್ಚಲು.
ಹುಟ್ಟಿದಾಗ ಅಕ್ಕಂದಿರ ನಡುವೆ ಮಲಗಿದೆ,
ಮದುವೆಯಾಗಿ ಅವನ ಪಕ್ಕ,
ಆಮೇಲೆ ನಿಮ್ಮೆಲ್ಲರ ಕೈಕಾಲುಗಳ ಅಡಿಯಲ್ಲಿ.
ಅಳಬೇಕು ಅನ್ನಿಸಿದರೆ
ಈರುಳ್ಳಿ ಹೆಚ್ಚುವ ಹೊತ್ತಿಗೆ ಕಾಯಬೇಕಿತ್ತು.
ಬಾಗಿಲು ಹಾಕಿಕೊಂಡು ಅರ್ಧ ಗಂಟೆ
ಸುಮ್ಮನೆ ಕೂತದ್ದು ನೆನಪೇ ಇಲ್ಲ.
ಕೊಡಿ ಅವಳಿಗೆ.
ಯಾರೂ ಕಿತ್ತುಕೊಳ್ಳದ ಹಾಗೆ
ಕಾಗದದಲ್ಲೇ ಬರೆದು ಕೊಡಿ."

ಅವರ ನುಡಿಯಲ್ಲಿ ಅದಕ್ಕೆ ಶಬ್ದ ಒಂದೇ.
ನಮ್ಮಲ್ಲಿ ಎರಡು: ಒಂಟಿತನ, ಏಕಾಂತ.
ಒಂದು, ಹೊರಗಿನಿಂದ ಚಿಲಕ ಹಾಕಿದ ಬಾಗಿಲು,
ಇನ್ನೊಂದು ಒಳಗಿನಿಂದ.
ಅಜ್ಜಿ ಕೊಟ್ಟದ್ದು ಎರಡನೆಯದು.
ಮೊದಲನೆಯದೂ ಅದೇ ಕಾಗದದಲ್ಲಿ ಸುತ್ತಿಕೊಂಡು ಬಂದೀತು,
ಬಾರದೆ ಇರದು.
ಅದಕ್ಕೇ ತಾನೆ ಕರೆಯುವ ಹೆಸರು,
ಯಾರಾದರೂ ಕರೆಯುತ್ತಿರಲಿ ಅಂತ?

ಸೋಮವಾರ ಊರ ತುಂಬ ಮಂಜು.
ನೋಂದಣಿ ಕಚೇರಿಯವಳು
ನಾಲಗೆ ತುದಿ ಕಚ್ಚಿ ಉದ್ದಕ್ಕೆ ಬರೆದಳು.
ಪೊಚೊ ಎದಿನ್ಸೊನ್ ಆಗಿ ಸಹಿ ಹಾಕಿದ.
ಮೆಟ್ಟಿಲಿಳಿಯುವಾಗಲೇ ಹೆಸರು ಮತ್ತೆ ಗಿಡ್ಡವಾಗಿತ್ತು.

ಅಂದು ಸಂಜೆ ದೆಲ್ಮಿರಾ
ಕುರ್ಚಿ ಎತ್ತಿಕೊಂಡು ಹಿತ್ತಲಿಗೆ ಹೋದಳು,
ಬಾಗಿಲು ಎಳೆದುಕೊಂಡಳು.
ಒಳಗೆ ಸೋಲೆ ಅತ್ತಳು, ಸುಮ್ಮನಾದಳು,
ಮತ್ತೆ ಅತ್ತಳು.
ಅಜ್ಜಿ ಏಳಲಿಲ್ಲ.