ಬುಡೇನ್ ಸಾಬರು ಕವಚ ನೋಡಿದ್ದು

ಶಿರಾ ಲೈಬ್ರರಿಯಲ್ಲಿ ನನ್ನ ಕುರ್ಚಿಯ ದಿಂಬು
ಹಪ್ಪಳವಾಗಿ ಎರಡು ವರ್ಷ.
ಅರ್ಜಿ ಬರೆದೆ. ಮಂಜೂರಾಯಿತು, ನೂರಾ ಎಂಬತ್ತು ರೂಪಾಯಿ.
ಕಲ್ಲುಕೋಟೆಯಿಂದ ಬುಡೇನ್ ಸಾಬರು ಬಂದರು,
ಹೆಗಲಿಗೆ ಬಿಲ್ಲು, ಕಂಕುಳಲ್ಲಿ ಹತ್ತಿಯ ಗಂಟು.

ಆ ಹೊತ್ತು ನನ್ನ ಮೇಜಿನ ಮೇಲೆ
ಯಾರೋ ದಾನ ಕೊಟ್ಟ, ರಟ್ಟು ಹೋದ ಪುಸ್ತಕ:
ಆರುನೂರು ವರ್ಷದ ಹಿಂದಿನ ಯುರೋಪಿನ
ಆಯುಧ, ಕವಚ. ಹೊಸಬರಿಗೆ ಮೊದಲ ಓದು.
ನಂಬರು ಹಾಕಬೇಕಿತ್ತು, ಹಾಕದೆ ಓದುತ್ತಿದ್ದೆ.

ನೆತ್ತಿಯಿಂದ ಉಗುರಿನವರೆಗೆ ಉಕ್ಕು.
ಮುಖದ ಜಾಗದಲ್ಲಿ ಒಂದು ಸೀಳು.
ಮೊಣಕೈಗೆ ಚಿಪ್ಪು, ಮೊಣಕಾಲಿಗೆ ಚಿಪ್ಪು,
ಬೆರಳಿಗೂ, ಜರಿಯ ಬೆನ್ನಿನ ಹಾಗೆ, ಮಡಚುವ ತಗಡು.
ಕತ್ತಿ ನೋಡಿ ಎಂದೆ. ಸಾಬರು ಕತ್ತಿ ನೋಡಲಿಲ್ಲ.
ಕನ್ನಡಕ ಏರಿಸಿ, ಕುತ್ತಿಗೆಯ ಸಂದಿಯಲ್ಲಿ ಬೆರಳಿಟ್ಟು
"ಇವ್ನು ಒಳಗೇನು ಹಾಕ್ಕಂಡವ್ನೆ?"

ನಾನು ಅಲ್ಲಿಗಿನ್ನೂ ಬಂದಿರಲಿಲ್ಲ.
ತಿರುವಿದೆ. ಇತ್ತು, ಸಣ್ಣ ಅಕ್ಷರದಲ್ಲಿ:
ನಾರುಬಟ್ಟೆ, ಪದರದ ಮೇಲೆ ಪದರ,
ನಡುವೆ ಹತ್ತಿ, ಉಣ್ಣೆ, ಚಿಂದಿ. ಉದ್ದುದ್ದ ಹೊಲಿಗೆ.
ಬಡ ಕಾಲಾಳಿಗೆ ಅದೇ ಕವಚ, ಅಷ್ಟೇ ಕವಚ.
ಉಳ್ಳವನಿಗೆ ಅದರ ಮೇಲೊಂದು ಸರಪಳಿ ಅಂಗಿ,
ಒಂದೊಂದು ಉಂಗುರಕ್ಕೂ ನಾಲ್ಕು ಉಂಗುರದ ಕೊಂಡಿ,
ಹೀಗೆ ಸಾವಿರ ಸಾವಿರ.
ಅಲಗನ್ನು ಕಬ್ಬಿಣ ತಡೆಯುತ್ತದೆ,
ಏಟನ್ನು ಬಟ್ಟೆ.

"ಉದ್ದಕ್ಕೇ ಹೊಲೀಬೇಕು" ಎಂದರು,
ಪುಸ್ತಕಕ್ಕೆ ಸರಿಗುರುತು ಹಾಕುವವರಂತೆ.
"ಹೊಲ್ದು ಗಿಡಿದು ತುಂಬ್ಬೇಕು. ಸಡಿಲ ಬಿಟ್ರೆ
ಹತ್ತಿಯೆಲ್ಲ ಹೊಟ್ಟೆಗಿಳೀತದೆ.
ಯಾರೋ ತಿಳಿದೋನೇ ಹೊಲ್ದವ್ನೆ."

ತೂಕ? ಪೂರ್ತಿ ತೊಟ್ಟರೆ ಇಪ್ಪತ್ತೈದು ಕೇಜಿ ಹತ್ತಿರ.
ರಾಟೆ ಕಟ್ಟಿ ಎತ್ತಿ ಕುದುರೆಯ ಮೇಲೆ ಕೂರಿಸುತ್ತಿದ್ದರೆಂಬುದು
ಬರೀ ಕಟ್ಟುಕತೆಯಂತೆ. ಅವರೇ ಹತ್ತುತ್ತಿದ್ದರಂತೆ, ಓಡುತ್ತಿದ್ದರಂತೆ.
ಸಾಬರಿಗೆ ಆಶ್ಚರ್ಯವಾಗಲಿಲ್ಲ. ಡಬಲ್ ಹಾಸಿಗೆ ಹೊತ್ತು
ಬುಕ್ಕಾಪಟ್ಟಣದವರೆಗೆ ನಡೆದವರು.
"ತಲೆ ಮ್ಯಾಲಿದ್ರೆ ಹೊರೆ. ಮೈಗೆಲ್ಲ ಹಂಚಿದ್ರೆ ಬಟ್ಟೆ."
ಪುಸ್ತಕ ಇಷ್ಟನ್ನೇ ಹೇಳಲು ಒಂದೂವರೆ ಪುಟ ತೆಗೆದುಕೊಂಡಿತ್ತು.

ಕೊನೆಯ ಭಾಗ ಮ್ಯೂಸಿಯಮ್ಮುಗಳದು.
ಗಾಜಿನ ಹಿಂದೆ ಸಾಲಾಗಿ ಉಕ್ಕು, ಎಣ್ಣೆ ಹಚ್ಚಿ ಉಜ್ಜಿದ ಹೊಳಪು,
ಒಳಗೆ ಯಾರೂ ಇಲ್ಲ.
ಬಟ್ಟೆಯ ಅಂಗಿಗಳು ಉಳಿದದ್ದು ಬೆರಳೆಣಿಕೆಯಷ್ಟು.
ಮಿಕ್ಕವನ್ನು ನುಸಿ ತಿಂದಿತು, ಬೆವರು ತಿಂದಿತು,
ಹರಿದಾಗ ಯಾರೋ ಪಾತ್ರೆ ಒರೆಸಿಕೊಂಡರು.
ಇದನ್ನು ನಾನು ಗಟ್ಟಿಯಾಗಿ ಓದಲಿಲ್ಲ.
ಓದಿದೆನೋ ಏನೋ. ಅವರು ಆಗಲೇ ಎದ್ದಿದ್ದರು.

ಹಿಂದಿನ ಜಗಲಿಯಲ್ಲಿ ಬಿಲ್ಲು ಹೂಡಿ ಕೂತರು.
ಆಳುದ್ದ ಬಿಲ್ಲು, ನರದ ಹೆದೆ, ಕೈಗೆ ಸವೆದ ಕೊಡತಿ.
ಡಂಯ್. ಡಂಯ್ ಡಂಯ್.
ಪೇಪರು ಹಿಡಿದ ನಾಲ್ವರು ತಲೆ ಎತ್ತಿದರು.
ಹಳಗನ್ನಡದಲ್ಲಾದರೆ ಇದು ಠೇಂಕಾರ,
ಕೇಳಿದ ವೈರಿಯ ಎದೆ ಬಿರಿಯಬೇಕು.
ಇಲ್ಲಿ ಹತ್ತಿ ಬಿಡಿಸಿಕೊಂಡು ಮೇಲೇಳುತ್ತದೆ,
ಗಂಟುಗಂಟಾಗಿದ್ದದ್ದು ಹೊಗೆಯಾಗುತ್ತದೆ,
ಸಾಬರ ಹುಬ್ಬಿಗೆ, ಪರೀಕ್ಷೆಗೆ ಓದುವ ಹುಡುಗಿಯ ಜಡೆಗೆ
ಹೋಗಿ ಕೂರುತ್ತದೆ.
ಐವತ್ತು ವರ್ಷದಲ್ಲಿ ಒಂದೂ ಬಾಣ ಬಿಟ್ಟಿಲ್ಲ.

ದುಡ್ಡು ಕೊಡಲು ಬಿಲ್ಲು ಬೇಕಲ್ಲ ಸಾಬರೇ, ಎಂದೆ.
ಹೆಗಲ ಮೇಲಿನದನ್ನು ತಟ್ಟಿ ತೋರಿಸಿದರು.

ಅವರು ಹೋದ ಮೇಲೆ ಕೂತೆ. ಮೇಜು ಒಂದು ಗೇಣು ತಗ್ಗಿತ್ತು.
ಪುಸ್ತಕದ ವಿಭಾಗ ಯಾವುದು?
ಯುದ್ಧ ಎಂದು ಬರೆದೆ, ಹೊಡೆದು ಹಾಕಿದೆ,
ಹೊಲಿಗೆ ಎನ್ನಲು ಧೈರ್ಯ ಸಾಲಲಿಲ್ಲ.
ಕುತ್ತಿಗೆಯ ಸಂದಿಯಲ್ಲಿ, ಅವರು ಬೆರಳಿಟ್ಟ ಕಡೆ,
ಒಂದೆಳೆ ಹತ್ತಿ ಅಂಟಿತ್ತು.
ಊದಿದೆ. ಹೋಗಲಿಲ್ಲ.